ಸುದ್ದಿ ಕಿವಿಗೆ ಬೀಳುವ ತನಕ

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಸ್ಯಾನ್ ಡಿಯಾಗೋದ ನಮ್ಮ ಕನ್ನಡದವರಲ್ಲಿ ಹೆಸರಾಗಿತ್ತು. ಯಾರ ಮನೆಯಲ್ಲಿ ಬಸಿರು, ಯಾರಿಗೆ ಗ್ರೀನ್ ಕಾರ್ಡ್ ಬಂತು, ಯಾರ ಗಂಡನಿಗೆ ಕೆಲಸ ಹೋಯಿತು, ನನಗೊಬ್ಬಳಿಗೆ ಹೇಳಿದರೆ ಊರಿಗೆಲ್ಲ ಹೇಳಿದ ಹಾಗೆ. ಅದೇ ಊರಿನ ಇಥಿಯೋಪಿಯಾದವರಲ್ಲಿ ಮಾತ್ರ ನಾನು ಗುಟ್ಟು ಕಾಯುವುದರಲ್ಲಿ ಬಲು ಗಟ್ಟಿಗಿತ್ತಿ ಎಂದು ಹೆಸರು. ಎರಡರಲ್ಲಿ ಒಂದು ಸುಳ್ಳು. ಯಾವುದೆಂದು ಬರೆದುಬಿಡುತ್ತೇನೆ. ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ, ನನಗೆ ಆ ನಂಬಿಕೆ ಇಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಕರ್ನಿ ಮೆಸಾದ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸದಲ್ಲಿದ್ದೆ. ಪಕ್ಕದ ಬೆಂಚಿನಲ್ಲಿ ಅವಳು ಕೂರುತ್ತಿದ್ದಳು. ಇಥಿಯೋಪಿಯಾದಿಂದ ಗಡಿ ದಾಟಿ, ಸುಡಾನಿನ ಕ್ಯಾಂಪಿನಲ್ಲಿ ಎರಡು ವರ್ಷ ಕಳೆದು ಬಂದವಳು. ಮೂವತ್ತು ದಾಟಿರಲಿಲ್ಲ, ಮದುವೆಯಾಗಿರಲಿಲ್ಲ, ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಬಿಲ್ಡಿಂಗಿನಲ್ಲೇ ಒಂಟಿಯಾಗಿದ್ದಳು. ಅವಳಿಗೆ ಕಾರಿರಲಿಲ್ಲ, ನನಗೆ ಫ್ರೀವೇಯಲ್ಲಿ ಒಬ್ಬಳೇ ಡ್ರೈವ್ ಮಾಡುವ ಧೈರ್ಯವಿರಲಿಲ್ಲ. ನಾನು ಸ್ಟೀರಿಂಗ್ ಹಿಡಿದು ದೇವರನಾಮ ಗುನುಗುತ್ತಿದ್ದರೆ ಅವಳು ಪಕ್ಕದಲ್ಲಿ ಕೂತು "ಟ್ರಕ್ ಬರ್ತಿದೆ, ಈಗ ಹೋಗು, ಹೋಗು" ಎನ್ನುತ್ತಿದ್ದಳು. ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲೇ. ಆದರೆ ಈಗ ನೆನೆಸಿಕೊಂಡರೆ ಅವಳು ಕನ್ನಡದಲ್ಲೇ ಮಾತಾಡಿದ ಹಾಗೆ ಕೇಳಿಸುತ್ತದೆ.

ಅವಳ ಅಮ್ಮ ಊರಲ್ಲೇ ಉಳಿದಿದ್ದರು. ಆಗಿನ ಸರ್ಕಾರಕ್ಕೆ ಹೆದರಿ ಓಡಿಬಂದವರು ವಾಪಸು ಹೋಗುವಂತಿರಲಿಲ್ಲ. ಕಾಗದಗಳನ್ನು ಒಡೆದು ಓದುತ್ತಾರೆ ಎಂದು ಬರೆಯುವುದಕ್ಕೂ ಅಂಜುತ್ತಿದ್ದಳು. ಆದ್ದರಿಂದ ಅಮ್ಮನನ್ನು ಬಾಯಲ್ಲೇ ಇಟ್ಟುಕೊಂಡಿದ್ದಳು. ನಾವು ಏನು ತಿಂದರೂ ಅಮ್ಮ ಅದನ್ನು ಹೇಗೆ ಮಾಡುತ್ತಿದ್ದರು, ಏನು ಕಂಡರೂ ಅಮ್ಮ ಅದಕ್ಕೆ ಏನನ್ನುತ್ತಿದ್ದರು ಎಂದು ಶುರುವಾಗುತ್ತಿತ್ತು.

ನವರಾತ್ರಿಯಲ್ಲಿ ನಮ್ಮ ಮನೆಯಲ್ಲಿ ಗೊಂಬೆ ಕೂರಿಸುತ್ತಿದ್ದೆ. ರಟ್ಟಿನ ಪೆಟ್ಟಿಗೆಗಳನ್ನು ಮೆಟ್ಟಿಲಾಗಿ ಜೋಡಿಸಿ ಬಿಳಿ ಬೆಡ್‌ಶೀಟ್ ಹೊದಿಸಿ, ಮೈಸೂರಿನಿಂದ ಸೂಟ್‌ಕೇಸಿನಲ್ಲಿ ತಂದ ಪಟ್ಟದ ಗೊಂಬೆಗಳನ್ನು ಮೇಲಿಟ್ಟು, ಕೆಳಗೆ ಮಕ್ಕಳ ಪ್ಲಾಸ್ಟಿಕ್ ಡೈನೋಸಾರುಗಳನ್ನು ನಿಲ್ಲಿಸಿದರೆ ನಮ್ಮ ದಸರಾ. ಮೊದಲ ವರ್ಷ ಅವಳನ್ನು ಕರೆದಾಗ, ಕ್ರಿಶ್ಚಿಯನ್ ಹುಡುಗಿ, ಕುಂಕುಮ ಇಡಲೋ ಬೇಡವೋ ಎಂದು ಅನುಮಾನಿಸಿದೆ. ಅವಳೇ ಹಣೆ ಮುಂದೆ ಮಾಡಿದಳು. "ನಮ್ಮಮ್ಮನ ಹಣೆಯಲ್ಲೂ ಗುರುತಿದೆ, ಶಿಲುಬೆಯ ಹಚ್ಚೆ. ನನಗೆ ಹಾಕಿಸಲಿಲ್ಲ, ನಾನು ಓದಿದವಳು ಅಂತ," ಎಂದಳು. ಆಮೇಲೆ ಪ್ರತಿ ವರ್ಷವೂ ನನ್ನ ಕೈಯಲ್ಲಿ ಕುಂಕುಮ ಇಡಿಸಿಕೊಂಡು, ಮಾರನೆಯ ದಿನ ಅದನ್ನು ಅಳಿಸದೆ ಲ್ಯಾಬಿಗೆ ಬರುತ್ತಿದ್ದಳು.

ಎರಡನೆಯ ವರ್ಷವೋ ಮೂರನೆಯ ವರ್ಷವೋ, ಗೊಂಬೆ ಕೂರಿಸಿದ್ದಾಗಲೇ ಧಾರವಾಡದ ಕಡೆಯ ಒಬ್ಬಾಕೆ ಏನೋ ಪುಸ್ತಕ ಹಿಂತಿರುಗಿಸಲು ಬಂದು ಬಾಗಿಲಲ್ಲೇ ನಿಂತು ಹೊರಟುಹೋದರು. "ಒಳಗೆ ಯಾಕೆ ಕರೀಲಿಲ್ಲ? ಹಣೆಗೆ ಯಾಕೆ ಇಡಲಿಲ್ಲ?" ಎಂದು ಇವಳು ಕೇಳಿದಳು. ಪಾಠ ಹೇಳುವುದೆಂದರೆ ನನಗೆ ಎಲ್ಲಿಲ್ಲದ ಹುಮ್ಮಸ್ಸು. ಅವರ ಮಾವ ತೀರಿಹೋಗಿದ್ದಾರೆ, ಅದಕ್ಕೆ ಸೂತಕ ಎನ್ನುತ್ತಾರೆ, ಸೂತಕದವರಿಗೆ ಕುಂಕುಮ ಕೊಡುವುದಿಲ್ಲ, ಅವರೂ ಕೇಳುವುದಿಲ್ಲ ಎಂದು ಬೆರಳು ಮಡಿಸಿ ವಿವರಿಸಿದೆ. ಅವಳು ಗಮನವಿಟ್ಟು ಕೇಳಿದಳು. ಹಾಳಾದ ನನ್ನ ಪಾಠ!

ಮುಂದಿನ ನವರಾತ್ರಿಯ ಸೋಮವಾರ. ಅವಳು ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ ಲ್ಯಾಬಿಗೆ ನನ್ನನ್ನು ಕೇಳಿಕೊಂಡು ಫೋನ್ ಬಂತು. ಲಾಸ್ ಏಂಜಲೀಸಿನಿಂದ ಇಥಿಯೋಪಿಯಾದವರ ಹಿರಿಯಾಕೆ. ಅವರನ್ನು ನಾನು ಇವಳ ಮನೆಯಲ್ಲಿ ಎರಡು ಮೂರು ಸಲ ನೋಡಿದ್ದೆ. ಅರವತ್ತರ ಹತ್ತಿರದ ಹೆಂಗಸು, ಒಂದು ಹೋಟೆಲಿನಲ್ಲಿ ಹಾಸಿಗೆ ಬದಲಿಸುವ ಕೆಲಸ. ಆದರೆ ಆ ಜನರಲ್ಲಿ ಅವರ ಮಾತೆಂದರೆ ಮಾತು. ಮದುವೆ, ಬಾಣಂತನ, ಜಗಳ, ಹೊಸದಾಗಿ ಬಂದವರಿಗೆ ಮನೆ, ಎಲ್ಲಕ್ಕೂ ಅವರೇ ಬೇಕು. ಇವಳ ಅಮ್ಮನ ಊರಿನವರು, ಅಮ್ಮನನ್ನು ಕಣ್ಣಾರೆ ಕಂಡು ಒಡನಾಡಿದವರು ಕ್ಯಾಲಿಫೋರ್ನಿಯಾದಲ್ಲಿ ಅವರೊಬ್ಬರೇ.

"ಮಗಳೇ, ಅವಳ ಅಮ್ಮ ಹೋಗಿಬಿಟ್ಟರು," ಎಂದರು. ಖಾರ್ಟೂಮಿನಲ್ಲಿದ್ದ ಯಾರೋ ನೆಂಟರ ಮೂಲಕ ಸುದ್ದಿ ಹಿಂದಿನ ದಿನ ಲಾಸ್ ಏಂಜಲೀಸಿಗೆ ಮುಟ್ಟಿತ್ತು. "ಶನಿವಾರ ಬೆಳಗ್ಗೆ ನಾವೆಲ್ಲ ಬರ್ತೀವಿ. ಬಂದು ಹೇಳ್ತೀವಿ. ಅಲ್ಲಿ ತನಕ ಅವಳಿಗೆ ತಿಳೀಬಾರದು. ಲ್ಯಾಬಿಗೆ ಯಾರಾದ್ರೂ ಫೋನ್ ಮಾಡಿದ್ರೆ ನೀನು ತಗೋ. ಹಗಲೆಲ್ಲ ಅವಳ ಜೊತೆ ಇರೋಳು ನೀನೇ."

ಈ ಹೇಳುವ ಪದ್ಧತಿಗೆ ಅವರಲ್ಲಿ ಮೆರ್ದೊ ಎನ್ನುತ್ತಾರಂತೆ. ಸಾವಿನ ಸುದ್ದಿಯನ್ನು ಫೋನಿನಲ್ಲಿ ಹೇಳುವುದಿಲ್ಲ, ಕಾಗದದಲ್ಲಿ ಬರೆಯುವುದಿಲ್ಲ, ಕೆಲಸದ ಜಾಗದಲ್ಲಿ ಬಾಯಿ ಬಿಡುವುದಿಲ್ಲ. ಬೇಕಾದವರೆಲ್ಲ ಸೇರಿ, ಬೆಳಕು ಹರಿಯುವ ಹೊತ್ತಿಗೆ ಮನೆಗೆ ಹೋಗಿ, ಸುತ್ತ ಕೂತು ಹೇಳುತ್ತಾರೆ. ಹೇಳಿದ ಗಳಿಗೆಯಲ್ಲೇ ಹಿಡಿದುಕೊಳ್ಳಲು ಕೈಗಳಿರಬೇಕು. "ನಮ್ಮವರು ಯಾರೂ ಇದನ್ನ ಒಂಟಿಯಾಗಿ ಕೇಳಬಾರದು. ದೇಶ ಅಂತೂ ಹೋಯ್ತು, ಇದಾದರೂ ಇರಲಿ," ಎಂದರು ಹಿರಿಯಾಕೆ.

ನನಗೆ ಇದು ಅರ್ಥವಾಗದ ಮಾತೇನಲ್ಲ. ನಾವು ಅಮೆರಿಕಕ್ಕೆ ಬಂದ ಹೊಸತು, ಲಾಸ್ ಏಂಜಲೀಸಿನಲ್ಲಿದ್ದಾಗ ನನ್ನ ಅಪ್ಪ ತೀರಿಕೊಂಡಿದ್ದು ನೀಲಿ ಏರೋಗ್ರಾಮಿನಲ್ಲಿ ತಿಳಿಯಿತು, ವೈಕುಂಠ ಸಮಾರಾಧನೆಯೂ ಮುಗಿದ ಮೇಲೆ. ಟಪಾಲು ಡಬ್ಬಿಯ ಮುಂದೆ, ಒಂದು ಕೈಯಲ್ಲಿ ಹಾಲಿನ ಡಬ್ಬ ಹಿಡಿದು ನಿಂತು ಓದಿದೆ. ಆ ಭಾನುವಾರ ಇಬ್ಬರು ಕನ್ನಡದವರು ಬಂದು, ನಾನೇ ಮಾಡಿದ ಉಪ್ಪಿಟ್ಟು ತಿಂದು, ವಯಸ್ಸಾಗಿತ್ತಲ್ಲ, ಒಳ್ಳೆಯ ಸಾವು ಎಂದು ಹೇಳಿ ಹೋದರು. ಹಿರಿಯಾಕೆಯ ಮಾತು ಕೇಳುತ್ತ ನನಗೆ ಹೊಟ್ಟೆಕಿಚ್ಚೇ ಆಯಿತು. ಆಣೆ ಮಾಡಿ ಒಪ್ಪಿಕೊಂಡೆ.

ಸೋಮವಾರ, ಮಂಗಳವಾರ ನಾಲಗೆ ಕಚ್ಚಿಕೊಂಡು ದಾಟಿಸಿದೆ. ಕಾರಿನಲ್ಲಿ ಅವಳು ಅಮ್ಮನ ವಿಷಯ ಎತ್ತಿದರೆ ನಾನು ಟ್ರಕ್ಕಿನ ವಿಷಯ ಎತ್ತುತ್ತಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಗಾದೆ ಇದೆಯಲ್ಲ, ಅದನ್ನು ಜಪದ ಹಾಗೆ ಹೇಳಿಕೊಂಡೆ. ನನ್ನ ಭಯವೆಲ್ಲ ಬಾಯಿಯದು. ಕೈಯ ಮೇಲೆ ನಿಗಾ ಇಡಬೇಕೆಂದು ಯಾವ ಗಾದೆಯೂ ಹೇಳಿರಲಿಲ್ಲ.

ಬುಧವಾರ ವಾಪಸು ಬರುವಾಗ ಅವಳೇ, "ಇವತ್ತು ಸಂಜೆ ಗೊಂಬೆ ನೋಡೋಕೆ ಬರ್ತೀನಿ, ಈ ವರ್ಷ ನೀನು ಕರೀಲೇ ಇಲ್ಲ," ಎಂದಳು. ಬೇಡ ಎನ್ನುವುದು ಹೇಗೆ? ಬಂದಳು. ಡೆಲ್ ಮಾರ್ ಕಡೆಯಿಂದ ಮೂವರು ಕನ್ನಡದ ಹೆಂಗಸರೂ ಬಂದಿದ್ದರು. ಊರಿಂದ ಬಂದು ನಾಲ್ಕು ತಿಂಗಳಾಗಿದ್ದ ನನ್ನ ಅತ್ತೆ ಸೋಫಾದಲ್ಲಿ ಕೂತು ಎಲ್ಲರ ಗೋತ್ರ ವಿಚಾರಿಸುತ್ತಿದ್ದರು. ಒಬ್ಬಾಕೆ ಹಾಡಿದರು. ಆರತಿಯಾಯಿತು. ನಾನು ಅರಿಶಿನ ಕುಂಕುಮದ ಬಟ್ಟಲು ಹಿಡಿದು ಸಾಲಾಗಿ ಕೂತವರಿಗೆ ಕೊಡುತ್ತ ಬಂದೆ. ಒಬ್ಬರು, ಇಬ್ಬರು, ಮೂವರು. ನಾಲ್ಕನೆಯವಳು ಅವಳು. ಹಣೆ ಮುಂದೆ ಮಾಡಿ ಕಣ್ಣು ಮುಚ್ಚಿದ್ದಳು.

ನನ್ನ ಕೈ ನಿಂತುಬಿಟ್ಟಿತು. ಸೂತಕದವಳು ಎಂದು ಕೈಗೆ ಅನಿಸಿಬಿಟ್ಟಿತು. ಯೋಚನೆ ಮಾಡಿ ನಿಲ್ಲಿಸಿದ್ದಲ್ಲ. ಮೈಕ್ರೋಸ್ಕೋಪಿನ ಮುಂದೆ ಹನ್ನೆರಡು ವರ್ಷ ಕೂತ ಹೆಂಗಸು ನಾನು. ಆದರೂ ಹುಟ್ಟಿದಾಗಿನಿಂದ ಕಲಿತದ್ದು ಬೆರಳುಗಳಲ್ಲಿ ಕೂತಿರುತ್ತದೆ. ಬಟ್ಟಲನ್ನು ಹಿಂದಕ್ಕೆ ಎಳೆದುಕೊಂಡೆ. ಅವಳು ಕಣ್ಣು ತೆರೆದಳು. "ಕುಂಕುಮ ಮುಗೀತು," ಎಂದೆ. ಬಟ್ಟಲು ತುಂಬಿತ್ತು. ಅದನ್ನು ಅವಳು ನೋಡಿದಳು, ನಾನೂ ನೋಡಿದೆ.

ಅಡುಗೆಮನೆಗೆ ಓಡಿದೆ. ಅವಳು ಹಿಂದೆಯೇ ಬಂದಳು. ಹೊರಗೆ ಇನ್ನೊಂದು ಹಾಡು ಶುರುವಾಗಿತ್ತು.

"ನನ್ನ ಮನೇಲಿ ಯಾರು?" ಎಂದು ಕೇಳಿದಳು.

ನಾನು ಉಸಲಿಯ ಪಾತ್ರೆಯ ಮುಚ್ಚಳ ತೆಗೆದೆ.

"ಅಮ್ಮನಾ?"

ಇಲ್ಲ ಎಂದು ಸುಳ್ಳು ಹೇಳಬಹುದಿತ್ತು. ನನ್ನ ಮೂರ್ಖತನವೆಂದು ಬಾಯಿ ಬಡಿದುಕೊಂಡು ಕುಂಕುಮ ಇಟ್ಟುಬಿಡಬಹುದಿತ್ತು. ನಾನು ಮಾಡಿದ್ದು ಇಷ್ಟು: ಸಿಂಕಿನ ಕಡೆ ತಿರುಗಿ ನಲ್ಲಿ ಬಿಟ್ಟು, ತೊಳೆದ ಲೋಟವನ್ನೇ ಮತ್ತೆ ತೊಳೆಯತೊಡಗಿದೆ. ಅವಳು ಫ್ರಿಜ್ಜಿನ ಹಿಡಿಯನ್ನು ಹಿಡಿದುಕೊಂಡು ನಿಂತಳು. ಕೂಗಲಿಲ್ಲ. "ನಮ್ಮವರಿಗೆಲ್ಲ ಗೊತ್ತಾ?" ಎಂದಳು.

"ಶನಿವಾರ ಬರ್ತಾರೆ," ಎಂದೆ.

ಅಷ್ಟು ಸಾಕಾಯಿತು. ಶನಿವಾರ ಎಂದ ಮೇಲೆ ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಿಂದೆ ಬೇರೆಯವರ ಮನೆಗಳಿಗೆ ಅವಳೂ ಹಾಗೆ ಹೋಗಿ ಕೂತವಳೇ. "ಹಾಗಾದರೆ ನನಗೆ ಗೊತ್ತಿಲ್ಲ," ಎಂದಳು. "ನೀನು ಯಾರಿಗೂ ಹೇಳಬೇಡ. ಪಾಪ, ಅಷ್ಟು ದೂರದಿಂದ ಬರ್ತಾರೆ."

ಅಷ್ಟರಲ್ಲಿ ಹೊರಗಿನ ಕೋಣೆಯಿಂದ ಅತ್ತೆ, "ಏನೇ, ಕಾಫಿ ಆಯ್ತೇನೇ?" ಎಂದು ಕೂಗಿದರು. ನಾನು ಟ್ರೇಯಲ್ಲಿ ಲೋಟಗಳನ್ನು ಇಟ್ಟುಕೊಂಡು ಹೊರಗೆ ಹೋದೆ. ಸಕ್ಕರೆ ಸಾಕೇ ಎಂದು ಒಬ್ಬೊಬ್ಬರನ್ನೂ ಕೇಳಿದೆ. ಅವಳು ಆಮೇಲೆ ಬಂದು ತನ್ನ ಜಾಗದಲ್ಲಿ ಕೂತು, ಕಡಲೆಕಾಳಿನ ಉಸಲಿಯನ್ನು ತಟ್ಟೆ ಖಾಲಿಯಾಗುವ ತನಕ ತಿಂದು, ಹಾಡು ಚೆನ್ನಾಗಿತ್ತು ಎಂದು ಹಾಡಿದಾಕೆಗೆ ಹೇಳಿ ಹೊರಟಳು. ಮೆಟ್ಟಿಲ ತನಕ ಹೋಗಿ ಕೈ ಬೀಸಿದೆ. ಅವಳ ಮನೆ ನಮ್ಮ ಬಾಗಿಲಿನಿಂದ ನೂರು ಹೆಜ್ಜೆ. ನಾನು ಜೊತೆಯಲ್ಲಿ ಹೋಗಲಿಲ್ಲ. ಮನೆಯಲ್ಲಿ ಜನ ಇದ್ದರಲ್ಲ!

ಮಾರನೆಯ ಬೆಳಗ್ಗೆ ಕಾಫಿ ಸೋಸುತ್ತ ಅತ್ತೆಯ ಹತ್ತಿರ ಎಲ್ಲವನ್ನೂ ಹೇಳಿದೆ. ಶಾಸ್ತ್ರ ಬಲ್ಲವರು, ನೀನು ಮಾಡಿದ್ದು ಸರಿ ಎಂದುಬಿಡುತ್ತಾರೆ ಎಂಬ ಆಸೆಯಿತ್ತು. ಅವರು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು.

"ಅಲ್ವೇ, ಸುದ್ದಿ ಕಿವಿಗೆ ಬೀಳೋ ತನಕ ಸೂತಕ ಎಲ್ಲಿಂದ ಬಂತೇ? ಕೇಳಿದ ಮೇಲೆ ತಾನೇ ಸ್ನಾನ, ಮೈಲಿಗೆ, ಎಲ್ಲ? ನಿನ್ನೆ ಸಂಜೆ ಆ ಮಗುವಿಗೆ ಯಾವ ಸೂತಕವೂ ಇರಲಿಲ್ಲ. ಧಾರಾಳವಾಗಿ ಇಡಬಹುದಾಗಿತ್ತು." ಲೋಟ ಮತ್ತೆ ಕೈಗೆತ್ತಿಕೊಂಡು, "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅಂತ ಹೇಳಿದ್ದು ನಿನ್ನಂಥೋರಿಗೇ," ಎಂದರು.

ಅಂದರೆ ಶಾಸ್ತ್ರವೂ ನನ್ನ ಕಡೆ ಇರಲಿಲ್ಲ. ಸೂತಕ ಶುರುವಾದದ್ದು ನನ್ನ ಅಡುಗೆಮನೆಯಲ್ಲಿ, ನಾನೇ ಶುರುಮಾಡಿದ್ದು.

ಗುರುವಾರ, ಶುಕ್ರವಾರ ಅವಳು ಕೆಲಸಕ್ಕೆ ಬಂದಳು. ಸ್ಲೈಡುಗಳಿಗೆ ಬಣ್ಣ ಹಾಕಿದಳು, ಎಣಿಸಿದಳು, ಬರೆದಳು. ಒಂದೇ ಒಂದು ತಪ್ಪು ಮಾಡಲಿಲ್ಲ. ನಾನು ನಾಲ್ಕು ಮಾಡಿದೆ. ಕಾರಿನಲ್ಲಿ ಅವಳು ಹೊರಗೆ ನೋಡುತ್ತ ಕೂತಿರುತ್ತಿದ್ದಳು. ಟ್ರಕ್ ಬಂದರೂ ಹೇಳುತ್ತಿರಲಿಲ್ಲ. ಶುಕ್ರವಾರ ವಾಪಸು ಬರುವಾಗ, "ಮನೆ ಗುಡಿಸಿಬಿಡೋಣ ಅನಿಸ್ತಿದೆ. ಅಷ್ಟು ಜನ ಬರ್ತಾರೆ. ಆದರೆ ಗುಡಿಸಿದ್ರೆ ಅವರಿಗೆ ಗೊತ್ತಾಗಿಬಿಡತ್ತೆ," ಎಂದಳು. ಇನ್ನೂ ಸ್ವಲ್ಪ ದೂರ ಹೋದ ಮೇಲೆ, "ಅಳೋ ಹಾಗೂ ಇಲ್ಲ. ಕಣ್ಣು ಊದಿಕೊಂಡಿರತ್ತೆ," ಎಂದಳು.

ಆಗ ನಾನು ಕಾರು ನಿಲ್ಲಿಸಬೇಕಿತ್ತು. ನಮ್ಮ ಮನೆಗೆ ಬಾ, ಬಾಗಿಲು ಹಾಕಿಕೊಂಡು ಅಳು, ಐಸ್ ಇಟ್ಟು ಕಣ್ಣಿನ ಊತ ಇಳಿಸೋಣ ಎನ್ನಬೇಕಿತ್ತು. ಇದೆಲ್ಲ ಈಗ ಹೊಳೆಯುತ್ತದೆ. ಆಗ ನನಗಿದ್ದದ್ದು ಒಂದೇ ಚಿಂತೆ, ಹಿರಿಯಾಕೆಗೆ ಎಲ್ಲಿ ತಿಳಿದುಬಿಡುತ್ತದೋ ಎಂದು. ಅವಳಿಗೆ ಅಮ್ಮನ ಚಿಂತೆ, ನನಗೆ ನನ್ನ ಮಾನದ ಚಿಂತೆ.

ಶನಿವಾರ ಬೆಳಗ್ಗೆ ಆರು ಗಂಟೆಗೆ ಕೆಳಗೆ ಬಾ ಎಂದಿದ್ದರು. ಹೋದೆ. ಕಾರುಗಳನ್ನೆಲ್ಲ ಹಿಂದಿನ ಬೀದಿಯಲ್ಲಿ ನಿಲ್ಲಿಸಿ ನಡೆದು ಬರುತ್ತಿದ್ದರು, ಅವಳು ಕಿಟಕಿಯಿಂದ ನೋಡಿಬಿಟ್ಟಾಳೆಂದು. ಮೂವತ್ತು ಜನಕ್ಕೆ ಕಡಿಮೆಯಿಲ್ಲ. ಲಾಸ್ ಏಂಜಲೀಸಿನಿಂದ ನಸುಕಿನಲ್ಲೇ ಹೊರಟವರು. ಪಾರ್ಕಿಂಗ್ ಲಾಟಿನಲ್ಲಿ ಕೆಲಸ ಮಾಡುವವರು, ಟ್ಯಾಕ್ಸಿ ಓಡಿಸುವವರು, ನರ್ಸುಗಳು, ಕಾಲೇಜಿಗೆ ಹೋಗುವವರು. ಹೆಂಗಸರು ಕೋಟಿನೊಳಗೆ ಬಿಳಿ ಶಾಲು ಬಚ್ಚಿಟ್ಟುಕೊಂಡಿದ್ದರು. ಕೆಲವರ ಕೈಯಲ್ಲಿ ಬಟ್ಟೆ ಸುತ್ತಿದ ಪಾತ್ರೆಗಳು. ಯಾರೂ ಮಾತಾಡುತ್ತಿರಲಿಲ್ಲ. ಮೆಟ್ಟಿಲ ಮೇಲೆ ಬೂಟಿನ ಸದ್ದಾಗದಂತೆ ಒಬ್ಬರ ಹಿಂದೆ ಒಬ್ಬರು ಹತ್ತಿದರು.

ಹಿರಿಯಾಕೆ ಬಾಗಿಲು ತಟ್ಟಿದರು. ಅವಳು ಕೂದಲು ಕೆದರಿಕೊಂಡು, ನಿದ್ದೆಯಿಂದ ಎದ್ದವಳ ಹಾಗೆ ಕಣ್ಣುಜ್ಜುತ್ತ ತೆರೆದಳು. ಆ ಕಣ್ಣುಗಳಿಗೆ ಮೂರು ದಿನದಿಂದ ನಿದ್ದೆ ಇರಲಿಲ್ಲವೆಂದು ನನಗೆ ಗೊತ್ತಿತ್ತು. ಎಲ್ಲರೂ ಒಳಗೆ ಹೋಗಿ ಸುತ್ತ ಕೂತರು. ಹಿರಿಯಾಕೆ ಅವಳ ಎರಡೂ ಕೈ ಹಿಡಿದುಕೊಂಡು ಅವರ ಭಾಷೆಯಲ್ಲಿ ನಾಲ್ಕೇ ಮಾತು ಹೇಳಿದರು.

ಅವಳು ಕಿರುಚಿದ ಕಿರುಚು ನಟನೆಯಾಗಿರಲಿಲ್ಲ. ಮೂರು ದಿನ ಒತ್ತಿ ಹಿಡಿದದ್ದೆಲ್ಲ ಒಟ್ಟಿಗೆ ಹೊರಬಂತು. ಹೆಂಗಸರೆಲ್ಲ ಬಿಳಿ ಶಾಲು ತೆಗೆದು, ಅವರ ಸಾವಿನ ಮನೆಯ ರೀತಿಯಲ್ಲಿ ಬಣ್ಣದ ಅಂಚು ಕುತ್ತಿಗೆಯ ಸುತ್ತ ಬರುವಂತೆ ಹೊದ್ದುಕೊಂಡು ಅವಳ ಜೊತೆಗೇ ಅತ್ತರು. ಗಂಡಸರು ಗೋಡೆಗೆ ಮುಖ ಮಾಡಿ ಅತ್ತರು. ನಾನು ಬಾಗಿಲ ಹತ್ತಿರ ನಿಂತು ಅತ್ತೆ. ಯಾತಕ್ಕೆ ಅಳುತ್ತಿದ್ದೇನೆ ಎಂದು ಆ ಮನೆಯಲ್ಲಿ ಒಬ್ಬಳಿಗೆ ಮಾತ್ರ ತಿಳಿದಿತ್ತು.

ಆಮೇಲೆ ನೋಡಬೇಕಿತ್ತು ಆ ಜನರ ಶಿಸ್ತನ್ನು. ಒಬ್ಬರು ಲ್ಯಾಬಿಗೆ ಫೋನ್ ಮಾಡಿ ರಜೆ ಕೇಳುವುದು, ಇಬ್ಬರು ಅವಳ ಜೊತೆ ಮಲಗುವುದು, ದಿನಕ್ಕೊಂದು ಮನೆಯಿಂದ ಊಟ, ಬಂದವರಿಗೆ ಕೊಡಲು ಬೇಯಿಸಿದ ಗೋಧಿ ಮತ್ತು ಕಡಲೆ. ನಮ್ಮ ಗುಗ್ಗರಿಯೇ, ಒಗ್ಗರಣೆ ಇಲ್ಲದ್ದು. ಹನ್ನೆರಡು ದಿನ ಅವಳು ಒಲೆ ಹಚ್ಚಲಿಲ್ಲ. ಹಿರಿಯಾಕೆ ಅವಳ ಪಕ್ಕದಲ್ಲೇ ಕೂತು ಅಮ್ಮನ ಕಥೆಗಳನ್ನು ಹೇಳಿದರು. ಯಾರಿಗೂ ತಿಳಿಯದಿದ್ದ ಕಥೆಗಳು, ಅಮ್ಮ ಹುಡುಗಿಯಾಗಿದ್ದಾಗಿನವು. ಅಳುತ್ತಿದ್ದವಳು ನಡುವೆ ನಗುತ್ತಿದ್ದಳು.

ಮೊದಲ ದಿನವೇ, ನಾನು ಹೊರಡಲು ಎದ್ದಾಗ, ಹಿರಿಯಾಕೆ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಕೆನ್ನೆಗೆ ಮುತ್ತಿಟ್ಟು, ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದರು. "ಈ ಹೆಂಗಸು ಐದು ದಿನ ನಮ್ಮ ಮಾತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳು. ಇವಳು ನಮ್ಮವಳು." ಮೂವತ್ತು ಜನ ನನ್ನ ಕಡೆ ತಿರುಗಿ ತಲೆ ಬಾಗಿಸಿದರು. ಅವರ ನಡುವಿನಿಂದ ಅವಳೂ ನೋಡಿದಳು. ಊದಿದ ಕಣ್ಣಲ್ಲೇ, ಒಪ್ಪಿಕೊ ಎನ್ನುವಂತೆ ತಲೆಯಾಡಿಸಿದಳು. ನಾನು ಒಪ್ಪಿಕೊಂಡೆ. ನಾಚಿಕೆಗೆಟ್ಟು, ಕೈ ಮುಗಿದು ಒಪ್ಪಿಕೊಂಡೆ.

ಅಲ್ಲಿಂದಾಚೆಗೆ ಸ್ಯಾನ್ ಡಿಯಾಗೋದಲ್ಲಿ ಅವರ ಪೈಕಿ ಯಾರಿಗಾದರೂ ಇಂಥ ಸುದ್ದಿ ಬಂದಾಗಲೆಲ್ಲ ನನಗೂ ಫೋನ್ ಬರುತ್ತಿತ್ತು. ಹೋಗುತ್ತಿದ್ದೆ, ಬಾಗಿಲ ಹತ್ತಿರ ಕೂರುತ್ತಿದ್ದೆ.

ಅವಳು ಮದುವೆಯಾಗಿ ಲಾಸ್ ಏಂಜಲೀಸಿಗೆ ಹೋದಳು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು, ಅಲ್ಲಿಯ ಪೋರ್ಟರ್ ರ್ಯಾಂಚಿನಲ್ಲಿ ಹೊಸ ಮನೆ ಕೊಂಡಿದ್ದೇವೆ ಎಂದು ಕರೆದಳು. ಹೋದೆ. ಗಂಡ ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗಿದ್ದ. ಹಿತ್ತಿಲಲ್ಲಿ ನಾವಿಬ್ಬರೇ ಕೂತಿದ್ದಾಗ, ಇಷ್ಟು ವರ್ಷ ಬಾಯಿಗೆ ಬಂದು ಹಿಂದಕ್ಕೆ ಹೋಗುತ್ತಿದ್ದ ಮಾತನ್ನು ಆಡಿದೆ. ಆ ಸಂಜೆ ಕುಂಕುಮ ಇಡದೆ ನನ್ನ ಕೈ ತಪ್ಪು ಮಾಡಿತು, ಕ್ಷಮಿಸು ಎಂದೆ. ಕಿವಿಗೆ ಬೀಳುವ ತನಕ ಸೂತಕವೇ ಇರಲಿಲ್ಲವಂತೆ ಎಂದು ಅತ್ತೆಯ ಮಾತನ್ನೂ ಹೇಳಿದೆ. ಆಗಲೂ ಪಾಠ ಬಿಡಲಿಲ್ಲ ನಾನು.

ಅವಳಿಗೆ ಕೋಪ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

"ಕುಂಕುಮದ ಬಗ್ಗೆ ನನಗೆ ಯಾವತ್ತೂ ಬೇಜಾರಿಲ್ಲ," ಎಂದಳು. "ಅದು ನಿನ್ನ ಅಭ್ಯಾಸ. ಆದರೆ ಆಮೇಲೆ ನೀನು ಕಾಫಿ ಕೊಡೋಕೆ ಹೋದೆಯಲ್ಲ. ನಮ್ಮವರು ಐದು ದಿನ ಕಾದು, ಮೂವತ್ತು ಜನ ಸೇರಿ ಬರೋದು ಯಾಕೆ? ಕೇಳಿದಾಗ ಹತ್ತಿರ ಯಾರಾದರೂ ಇರಲಿ ಅಂತ. ನೀನು ಅಲ್ಲೇ ಇದ್ದೆ. ಒಬ್ಬಳು ಸಾಕಿತ್ತು."